ಮಿಷಿನ್ ಆಮೇಲೆ, ಮೊದ್ಲು ಹೊಟ್ಟು ನೋಡ್ರಿ

"ಅಣ್ಣ, ಕಟ್ಟಿಗೆ ಕೊಯ್ಯೋಕೆ ಒಂದು ಚೈನ್ ಸಾ ತಗೋಬೇಕು, ಕೈ ಕೊಡಬಾರ್ದು, ಯಾವ ಕಂಪನಿ ಹೇಳು" ಅಂತ ವಾರಕ್ಕೆ ನಾಕು ಜನ ಆದ್ರೂ ಫೋನ್ ಮಾಡ್ತಾರೆ. ಅದಕ್ಕೆ ಏನೋ ಒಂದು ಹೇಳಿದ ಕೂಡ್ಲೇ ಎರಡನೇ ಪ್ರಶ್ನೆ, ಎಷ್ಟು ಸಿಸಿ? ಬೈಕ್ ತಗೊಳ್ಳೋರು ಕೇಳ್ದಂಗೆ. ಚೈನ್ ಬಗ್ಗೆ ಕೇಳಿದೋರನ್ನ ನಾನಂತೂ ಇನ್ನೂ ನೋಡಿಲ್ಲ.

ದಾವಣಗೆರೆ ಪಿ.ಬಿ. ರೋಡಿಂದ ಒಳಗಿರೋ ಒಂದು ಅಡ್ಡರಸ್ತೆಯಾಗೆ ನನ್ನ ರಿಪೇರಿ ಅಂಗಡಿ. ಔಷಧಿ ಹೊಡಿಯೋ ಪಂಪು, ಹುಲ್ಲು ಕೊಯ್ಯೋ ಮಿಷಿನ್ನು, ಚೈನ್ ಸಾ, ಇವೇ ಕೆಲಸ. ಜಗಳೂರು ಕಡೆಯಿಂದ ಜಾಲಿ ಕೊಯ್ಯೋರು ಬರ್ತಾರೆ, ಚನ್ನಗಿರಿ ಹೊನ್ನಾಳಿ ಕಡೆಯಿಂದ ಅಡಿಕೆ ಬೇಯಿಸೋರು, ಹೊಳಲ್ಕೆರೆ ಕಡೆಯೋರು, ಆಮೇಲೆ ಊರೊಳಗಿನ ಬೆಣ್ಣೆ ದೋಸೆ ಹೋಟ್ಲುಗಳಿಗೆ ಕಟ್ಟಿಗೆ ಹಾಕೋರು. ಎಲ್ಲರದ್ದೂ ಒಂದೇ ಕಂಪ್ಲೇಂಟು: "ಪುಲ್ಲಿಂಗ್ ಇಲ್ಲ." ಮಿಷಿನ್ ಟೇಬಲ್ ಮೇಲೆ ಇಡ್ತಾರೆ, ಹಗ್ಗ ಎಳಿತೀನಿ, ಇಂಜಿನ್ ಗುಂಯ್ ಅಂತ ಚೆನ್ನಾಗೇ ಓಡ್ತದೆ. ಚೈನ್ ಮೇಲೆ ಬೆರಳು ಆಡಿಸ್ತೀನಿ, ಅಜ್ಜಿ ಹಲ್ಲಿದ್ದಂಗೆ ಇರ್ತದೆ. "ಚೈನ್ ಮೊಂಡಾಗೈತೆ" ಅಂದ್ರೆ ಮುಖ ಸಣ್ಣದಾಗುತ್ತೆ, ಯಾಕಂದ್ರೆ ಅವರಿಗೆ ಬೇಕಾಗಿರೋದು ಆ ಮಾತಲ್ಲ, ಕಾರ್ಬೋರೇಟರ್ ಹೋಗೈತೆ ಅನ್ಬೇಕು, ಇಲ್ಲಾಂದ್ರೆ ಇದು ಡೂಪ್ಲಿಕೇಟ್ ಮಾಲು ಅನ್ಬೇಕು.

ಈ ಒಂದು ವಿಷಯ ಬಿಡಿಸಿ ಹೇಳ್ತೀನಿ, ಮಿಕ್ಕಿದ್ದು ಬೇಗ ಮುಗಿಸ್ತೀನಿ.

ಚೈನ್ ಸಾ ಮರನ ಹರಿಯಲ್ಲ, ಕೆತ್ತುತ್ತೆ. ಬಡಿಗೇರ ಉಜ್ಜುಗೊರಡು ನೋಡಿದೀರಲ್ಲ, ಒಂದೊಂದು ಹಲ್ಲೂ ಅಂಥ ಒಂದು ಸಣ್ಣ ಉಜ್ಜುಗೊರಡು. ಹಲ್ಲಿನ ಮುಂದೆ ಒಂದು ಗುಬುಟು ಇರ್ತದೆ, ಅದು ಹಲ್ಲಿನ ತುದಿಗಿಂತ ಒಂದು ಚೂರು, ಅಂದ್ರೆ ಸುಮಾರು 0.65 ಮಿಲಿಮೀಟರ್, ಕೆಳಗಿರುತ್ತೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅನ್ನೋದನ್ನ ಆ ಗುಬುಟೇ ಅಳತೆ ಹಿಡಿಯೋದು. ಹಲ್ಲು ಹರಿತ ಇದ್ರೆ ಮರದಿಂದ ಚಕ್ಕೆ ಎದ್ದು ಬರ್ತದೆ, ಅಕ್ಕಿ ನುಚ್ಚಿಗಿಂತ ದೊಡ್ಡದಾಗಿ, ಹಸಿ ನೀಲಗಿರಿ ಆದ್ರೆ ಇನ್ನೂ ಉದ್ದುದ್ದ ಎಳೆ. ಹಲ್ಲು ಮೊಂಡಾದ್ರೆ ಕೆತ್ತೋದು ನಿಂತು ಉಜ್ಜೋದು ಶುರು, ಆಗ ಬೀಳೋದು ರಾಗಿ ಹಿಟ್ಟು. ಅಂಗಿ ತೋಳಿಗೆ ಅಂಟ್ಕೊಳ್ಳೋವಂಥ ಪುಡಿ. ಹಿಟ್ಟು ಬಿತ್ತು ಅಂದ್ರೆ ಕೆಲಸ ನಿಲ್ಸಿ, ಅಷ್ಟೇ. ಚೆನ್ನಾಗಿ ಒಣಗಿದ ಜಾಲಿ ಆದ್ರೆ ಹರಿತ ಚೈನಿಗೂ ಚಕ್ಕೆ ಸ್ವಲ್ಪ ಸಣ್ಣದೇ ಬರುತ್ತೆ, ಅದು ಬೇರೆ. ಜೊತೆಗೆ ಒತ್ತಬೇಕಾ ಇಲ್ವಾ ನೋಡ್ರಿ. ಹರಿತ ಇದ್ರೆ ಮಿಷಿನ್ ತನ್ನ ಭಾರಕ್ಕೇ ಇಳೀತದೆ, ನೀವು ಸುಮ್ನೆ ಹಿಡ್ಕೊಂಡಿದ್ರೆ ಸಾಕು.

ನಮ್ಮೋರು ಏನ್ ಮಾಡ್ತಾರೆ ಅಂದ್ರೆ ಹಿಟ್ಟು ಬಂದ್ರೂ ನಿಲ್ಸಲ್ಲ, ಮೈಭಾರ ಹಾಕಿ ಒತ್ತುತಾರೆ, ಒತ್ತಿದಷ್ಟೂ ಬಾರ್, ಅಂದ್ರೆ ಚೈನ್ ಸುತ್ತೋ ಆ ಉದ್ದ ಪಟ್ಟಿ, ಕಾಯ್ತದೆ, ಬಾರಿನ ಆಯಿಲ್ ಹೊಗೆ ಆಗುತ್ತೆ, ಕ್ಲಚ್ ಜಾರಿ ಸುಟ್ಟ ವಾಸನೆ, ಇಂಜಿನ್ನು ಫುಲ್ ರೇಸಿನಾಗೆ ಗಾಳಿ ಸಾಲದೆ ಕಾದು ಕಾದು ಕೊನೆಗೆ ಪಿಸ್ಟನ್ ಗೀರು ಬಿದ್ದು ಜಾಮ್. ಆಮೇಲೆ "ಆ ಕಂಪನಿ ಸರಿ ಇಲ್ಲಣ್ಣ, ಆರು ತಿಂಗ್ಳು ಬರ್ಲಿಲ್ಲ." ಮಿಷಿನ್ ಸತ್ತಿದ್ದೇನೋ ನಿಜ, ಆದ್ರೆ ಕಾಯಿಲೆ ಶುರುವಾಗಿದ್ದು ಚೈನಿಂದ. ಜರ್ಮನಿಯ ಸ್ಟಿಲ್ ಕಂಪನಿ ಶುರುವಾಗಿದ್ದು 1926ರಾಗೆ, ಸ್ವೀಡನ್ನಿನ ಹಸ್ಕ್ವಾರ್ನಾ ಮೊದಲ ಚೈನ್ ಸಾ ಮಾಡಿದ್ದು 1959ರಾಗೆ. ಅಷ್ಟು ಹಳೇ ಮನೆತನದ ಮಿಷಿನ್ನಿಗೂ ಮೊಂಡ ಚೈನ್ ಹಾಕಿದ್ರೆ ಅದೂ ಹಿಟ್ಟೇ ಉಗುಳೋದು.

ಚನ್ನಗಿರಿ ಕಡೆ ಗೌಡ್ರೊಬ್ರು ಇದಾರೆ, ಒಳ್ಳೆ ಮನುಷ್ಯ, ಬಂದಾಗೆಲ್ಲ ಎಲೆ ಅಡಿಕೆ ತರ್ತಾರೆ. ಮೊದ್ಲು 45 ಸಿಸಿ ತಗೊಂಡ್ರು. ಒಂದು ಅಡಿಕೆ ಸುಗ್ಗಿ ಆದ್ಮೇಲೆ ಪುಲ್ಲಿಂಗ್ ಇಲ್ಲ ಅಂತ 58 ಸಿಸಿ. ಮರುವರ್ಷ ಸ್ಟಿಕ್ಕರ್ ಮೇಲೆ 62 ಅಂತ ಬರೆದಿರೋದು, ಆನ್‌ಲೈನಾಗೆ ತರಿಸಿದ್ದು. ಆ ಮೂರನೇದನ್ನ ಆಪೆ ಆಟೋದಾಗೆ ಹಾಕ್ಕೊಂಡು ಬಂದು "ಇದೂ ಹಂಗೇ ಆತು ನೋಡಪ" ಅಂದ್ರು. "ಮೊದಲ್ನೇದು ಎಲ್ಲೈತೆ ಗೌಡ್ರೆ" ಅಂದೆ. ಅಟ್ಟದ ಮೇಲೆ ಗೋಣಿಚೀಲದ ಕೆಳಗೆ ಇತ್ತಂತೆ, ಮಾರನೇ ವಾರ ತಂದ್ರು. ಹಳೇ ಪೆಟ್ರೋಲ್ ಚೆಲ್ಲಿ, ಕಾರ್ಬೋರೇಟರ್ ಒಳಗಿನ ತೆಳು ಪೊರೆ, ಡಯಾಫ್ರಂ ಅಂತಾರೆ, ಅದನ್ನ ಬದಲಾಯಿಸಿ, ಬಾರನ್ನ ವೈಸಿಗೆ ಕಚ್ಚಿಸಿ ಒಂದೊಂದು ಹಲ್ಲಿಗೂ ಎಣಿಸಿ ಐದೈದು ಸಲ ಅರ ಆಡಿಸಿದೆ. ಅವರು ಚಾ ಕುಡಿದು ಮುಗಿಸೋ ಹೊತ್ತಿಗೆ ಆಯ್ತು. ಅಂಗಡಿ ಮುಂದೆ ಟ್ರಯಲ್ ನೋಡಕ್ಕೆ ಅಂತಾನೇ ಒಂದು ಜಾಲಿ ದಿಮ್ಮಿ ಇಟ್ಕೊಂಡಿದೀನಿ, ಅದರ ಮೇಲೆ ಇಟ್ಟೆ, ಬೆಣ್ಣೆಗೆ ಚಾಕು ಇಳಿದಂಗೆ ಇಳೀತು, ಚಕ್ಕೆ ಹಾರಿ ಗೌಡ್ರ ಅಂಗಿ ಜೇಬಿಗೇ ಬಿತ್ತು. ಅವರು ಆ ಚಕ್ಕೆ ತೆಗೆದು ಅಂಗೈ ಮೇಲೆ ಇಟ್ಕೊಂಡು ಸುಮಾರು ಹೊತ್ತು ನೋಡಿದ್ರು. "ಏನ್ ಹಾಕಿದ್ಯೋ ಇದಕ್ಕೆ?" ಅಂದ್ರು. "ಏನೂ ಹಾಕಿಲ್ಲ ಗೌಡ್ರೆ, ತೆಗ್ದಿದೀನಿ ಅಷ್ಟೇ."

ಈ ಚೈನಿಂದು ಒಂದು ಕಥೆ ಐತೆ, ನನಗೆ ಭಾಳ ಇಷ್ಟ. ಹಳೇ ಕಾಲದ ಚೈನಿನ ಹಲ್ಲು ಕೈ ಗರಗಸದ ತರಾನೇ ಇತ್ತಂತೆ, ದಿನಾ ಸಾಣೆ ಹಿಡಿದೂ ಹಿಡಿದೂ ಸಾಕಾಗ್ತಿತ್ತು. ಅಮೆರಿಕದ ಆರೆಗಾನ್‌ನಾಗೆ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯೋನು 1946ರಾಗೆ ಒಂದು ಮೋಟು ಮರದೊಳಗೆ ಹುಳ ಕೊರಿಯೋದನ್ನ ನೋಡ್ತಾ ನಿಂತ. ಆ ಹುಳ ಎಡಕ್ಕೂ ಬಲಕ್ಕೂ ದವಡೆ ಆಡಿಸಿ ಗಟ್ಟಿ ಮರನ ಸಲೀಸಾಗಿ ತಿಂತಿತ್ತು. ಅದನ್ನೇ ಹಿಡ್ಕೊಂಡು ಒಂದು ಎಡಹಲ್ಲು ಒಂದು ಬಲಹಲ್ಲು ಇರೋ ಚೈನ್ ಮಾಡಿ 1947ರಾಗೆ ಮಾರಕ್ಕೆ ಶುರು ಮಾಡ್ದ. ಇವತ್ತು ನಿಮ್ಮ ಮಿಷಿನ್ನಾಗೆ ಇರೋದೂ ಆ ಹುಳದ ದವಡೆನೇ. ಅದಕ್ಕೇ ಅರ ಹಾಕೋವಾಗ ಎಡದ್ದು ಬಲದ್ದು ಎರಡೂ ಸಮ ಇರ್ಬೇಕು ಅನ್ನೋದು. ಬಲಗೈಯೋರಿಗೆ ಒಂದು ಕಡೆ ಚೆನ್ನಾಗಿ ಬರ್ತದೆ, ಇನ್ನೊಂದು ಕಡೆ ಸೋಮಾರಿತನ, ಆಮೇಲೆ ಕೊಯ್ತ ಬಾಳೆಹಣ್ಣಿನ ತರ ಸೊಟ್ಟ ಹೋಗ್ತದೆ.

ಅರ ಯಾವ ಸೈಜು ಅಂತ ಕೇಳಿ ತಗೊಳ್ಳಿ. ಇಲ್ಲಿ ಜಾಸ್ತಿ ಓಡೋ .325 ಪಿಚ್ಚಿನ (ಕೊಂಡಿಗಳ ನಡುವಿನ ಅಳತೆ, ಇಂಚಿನ ಲೆಕ್ಕದಾಗೆ) ಚೈನಿಗೆ 4.8 ಮಿಲಿಮೀಟರ್ ರೌಂಡ್ ಅರ, ಚಿಕ್ಕ ಮಿಷಿನ್ನಿನ ಸಣ್ಣ ಚೈನಿಗೆ 4 ಮಿಲಿಮೀಟರ್. ಮುಂದಕ್ಕೆ ಮಾತ್ರ ತಳ್ಳೋದು, ಹಿಂದೆ ತರೋವಾಗ ಎತ್ತೋದು, ಹಲ್ಲಿನ ಮೇಲೆ ಕಂಪನಿನೇ ಹಾಕಿರೋ ಓರೆ ಗೆರೆಗೆ ಸರಿಯಾಗಿ. ಮುಂದಿನ ಗುಬುಟನ್ನ ಮುಟ್ಟಕ್ಕೆ ಹೋಗ್ಬೇಡಿ, ನಾಕೈದು ಸಲ ಸಾಣೆ ಆದ್ಮೇಲೆ ಒಂದ್ಸಲ ಗೇಜ್ ಇಟ್ಟು ಇಳಿಸಬೇಕು. ಇದು ಯಾಕೆ ಇಷ್ಟು ಒತ್ತಿ ಹೇಳ್ತೀನಂದ್ರೆ ಕೆಲಸ ಕಲಿಯೋವಾಗ ಮೇಸ್ತ್ರಿ ಊಟಕ್ಕೆ ಹೋದ ಟೈಮಲ್ಲಿ ನಾನೇ ಒಂದು ಚೈನಿನ ಗುಬುಟನ್ನೆಲ್ಲ ಚಪ್ಪಟೆ ಅರದಲ್ಲಿ ನೆಲಸಮ ಮಾಡಿದ್ದೆ, ಇನ್ನೂ ಚೆನ್ನಾಗಿ ಕಚ್ಚಲಿ ಅಂತ. ಕಚ್ಚಿತು. ಮಿಷಿನ್ ದಿಮ್ಮಿಯಿಂದ ಎಗರಿ ಬಂದು ನನ್ನ ಟೋಪಿಗೆ ತಾಗಿ ಹೋಯ್ತು. ಮೇಸ್ತ್ರಿ ಬೈಲಿಲ್ಲ, ಆ ಚೈನನ್ನ ಗೋಡೆ ಮೊಳೆಗೆ ನೇತುಹಾಕಿ ದಿನಾ ನೋಡು ಅಂದ.

ಈಗ ಕೊಳ್ಳೋ ವಿಚಾರ. ಮನೆಗೆ, ಅಡಿಕೆ ಬೇಯಿಸೋಕೆ ಅಂದ್ರೆ 40ರಿಂದ 50 ಸಿಸಿ, 16 ಇಲ್ಲಾ 18 ಇಂಚಿನ ಬಾರ್ ಧಾರಾಳ ಸಾಕು. ನಮ್ಮ ಬಳ್ಳಾರಿ ಜಾಲಿ ಒಂದಡಿ ದಪ್ಪ ಸಿಗೋದೇ ಕಷ್ಟ, ಅದಕ್ಕೆ 22 ಇಂಚಿನ ಬಾರ್ ಯಾಕೆ ಅಂತೀನಿ. 22 ಇಂಚಿಗೆ 86 ಕೊಂಡಿ ಚೈನ್ ಬರ್ತದೆ, ಎರಡು ಕೊಂಡಿಗೆ ಒಂದು ಹಲ್ಲು, ಅಂದ್ರೆ ಸುಮಾರು 43 ಹಲ್ಲು. 18 ಇಂಚಾದ್ರೆ 72 ಕೊಂಡಿ, 36 ಹಲ್ಲು. ಅರ ಹಾಕೋರು ನೀವೇ ತಾನೆ, ಲೆಕ್ಕ ಹಾಕ್ಕೊಳ್ಳಿ. ಉದ್ದ ಬಾರಿನ ತುದಿ ಎಲ್ಲೈತೆ ಅಂತ ಗೊತ್ತಾಗದೆ ಹಿಂದಿನ ಕಟ್ಟಿಗೆಗೋ ನೆಲಕ್ಕೋ ತಾಗ್ತದೆ. ಆ ತುದಿಯ ಮೇಲ್ಭಾಗ ಏನಾದ್ರೂ ಮುಟ್ಟಿದ್ರೆ ಮಿಷಿನ್ ಮುಖಕ್ಕೇ ತಿರುಗಿ ಬರ್ತದೆ. ನೆಲಕ್ಕೆ ತಾಗಿದ್ರೆ ಒಂದೇ ಸೆಕೆಂಡು ಸಾಕು ಹಲ್ಲು ಹೋಗಕ್ಕೆ. ದಿಮ್ಮಿ ಅಡಿಗೆ ಒಂದು ತುಂಡು ಕೊಟ್ಟು ಎತ್ತರಿಸಿ, ಮುಕ್ಕಾಲು ಕೊಯ್ದು ಉರುಳಿಸಿ ಮಿಕ್ಕಿದ್ದು ಕೊಯ್ಯಿರಿ. ಬೇಲಿ ಮರದೊಳಗೆ ತಂತಿ, ರಸ್ತೆ ಬದಿ ಮರದೊಳಗೆ ಬೋರ್ಡಿನ ಮೊಳೆ, ನೋಡ್ಕೊಳ್ಳಿ. ಜಾಲಿನ ಹಸಿ ಇದ್ದಾಗಲೇ ತುಂಡು ಮಾಡಿ ಒಣಗಿಸ್ಕೊಳ್ಳಿ, ಒಣಗಿದ್ಮೇಲೆ ಅದು ಕಬ್ಬಿಣ.

ಯಾವ ಕಂಪನಿ ಅನ್ನೋದಕ್ಕೆ ನನ್ನ ಉತ್ತರ, ಅಂಗಡಿಯೋನ ಹತ್ರ ಚೈನು, ಬಾರು, ಡಯಾಫ್ರಂ ಕಿಟ್ಟು, ಸ್ಟಾರ್ಟರ್ ಸ್ಪ್ರಿಂಗು, ಈ ನಾಕೂ ಇವತ್ತೇ ಕೌಂಟರ್ ಮೇಲೆ ಇಡು ಅನ್ನಿ. ಇಟ್ರೆ ತಗೊಳ್ಳಿ. "ತರಿಸಿಕೊಡ್ತೀವಿ ಸಾರ್" ಅಂದ್ರೆ ನಮಸ್ಕಾರ ಹೇಳಿ ಹೊರಡಿ. ಉಳಿದ ದುಡ್ಡಲ್ಲಿ ಎರಡು ಚೈನ್ ಜಾಸ್ತಿ, ಎರಡು ಅರ. ಆನ್‌ಲೈನಾಗೆ ಬರೋ ಅಂಗೈಯಗಲದ ಬ್ಯಾಟರಿ ಮಿಷಿನ್ನು ದಾಳಿಂಬೆ ರೆಂಬೆ ಸವರೋಕೆ ಸರಿ, ಕಟ್ಟಿಗೆಗೆ ಅಲ್ಲ.

ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಆಯಿಲ್) ಮುಚ್ಚಳದ ಲೆಕ್ಕದಲ್ಲಿ ಹಾಕ್ಬೇಡಿ. ಪುಸ್ತಕದಲ್ಲಿ 50:1 ಅಂತಿದ್ರೆ ಲೀಟರಿಗೆ 20 ಎಂಎಲ್, 25:1 ಅಂತಿದ್ರೆ 40. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ತಿಂಗಳುಗಟ್ಲೆ ಟ್ಯಾಂಕಲ್ಲಿ ಬಿಡಬಾರ್ದು, ನೀರು ಕುಡಿತದೆ. ಬಾರ್ ಆಯಿಲ್ ಬರ್ತಾ ಇದ್ಯಾ ನೋಡಕ್ಕೆ ತುದಿನ ಬಿಳಿ ರಟ್ಟಿನ ಹತ್ರ ಹಿಡಿದು ರೇಸ್ ಮಾಡಿ, ಆಯಿಲ್ ಗೆರೆ ಬೀಳ್ಬೇಕು. ಪಂಚೆ ಉಟ್ಕೊಂಡು ಹವಾಯಿ ಚಪ್ಪಲೀಲಿ ಕೊಯ್ಯೋರನ್ನ ಕಂಡ್ರೆ ನನಗೆ ಎದೆ ಝಲ್ ಅಂತದೆ, ಬೂಟು ಹಾಕಿ ಯಜಮಾನ್ರೆ, ಕಾಲು ನಿಮ್ಮದು. ಆಮೇಲೆ ಯಾವ ಮರ ಅಂದ್ರೆ ಆ ಮರ ಕಡಿಯೋ ಹಂಗಿಲ್ಲ, 1976ರ ಮರ ಸಂರಕ್ಷಣಾ ಕಾಯ್ದೆ ಐತೆ, ಅರಣ್ಯ ಇಲಾಖೆ ಆಫೀಸಲ್ಲಿ ಒಂದು ಮಾತು ಕೇಳಿ.

ಇಷ್ಟೆಲ್ಲ ಹೇಳಿದ್ಮೇಲೂ ಅಡಿಕೆ ಒಲೆ ಹಚ್ಚೋ ಹಿಂದಿನ ದಿನ ಸಂಜೆ ಆರಕ್ಕೆ ಫೋನ್ ಬರ್ತದೆ, "ಅಣ್ಣ ಪುಲ್ಲಿಂಗ್ ಇಲ್ಲ, ಏನಾಗಿರ್ಬೋದು?" ಫೋನಾಗೆ ನಾನು ಹೆಂಗೆ ಹೇಳಲಿ, ಮಿಷಿನ್ ನೋಡ್ದೆ ಹೇಳೋದು ತಪ್ಪು, ಒಮ್ಮೊಮ್ಮೆ ನಿಜವಾಗ್ಲೂ ಇಂಜಿನ್ನೇ ಹೋಗಿರ್ತದೆ. ಅದಕ್ಕೆ ಬರೋವಾಗ ಮಿಷಿನ್ ಜೊತೆಗೆ, ಅದು ಕೊನೇ ಸಲ ಉಗುಳಿದ ಹೊಟ್ಟನ್ನ ಒಂದು ಹಿಡಿ ಕವರಿಗೆ ಹಾಕ್ಕೊಂಡು ತರ್ರಿ. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆಗೀತೀನಿ, ಸೋಮವಾರ ರಜ.