ಸಾಲು ಬಿಡುವ ಹೆಜ್ಜೆ

ಸೇರಿಕೊಳ್ಳುವುದು ಮತ್ತು ಸಿಡಿದೇಳುವುದು ಎಂಬ ವಸ್ತುವನ್ನು ಸಮಕಾಲೀನ ನೃತ್ಯಕ್ಕೆ ತರುವವರು ಹೆಚ್ಚಾಗಿ ಎಡವುವುದು ಆರಂಭದಲ್ಲೇ. ಪರದೆ ಸರಿದು ಅರ್ಧ ನಿಮಿಷವಾಗಿರುವುದಿಲ್ಲ, ಒಬ್ಬಾಕೆ ಸಾಲು ಬಿಟ್ಟು ಓಡುತ್ತಾಳೆ. ಬಿಟ್ಟದ್ದು ಏನನ್ನು ಎಂದು ಪ್ರೇಕ್ಷಕರಿಗೆ ಇನ್ನೂ ಗೊತ್ತೇ ಇಲ್ಲ.

ತಂಡದಲ್ಲಿ 8 ಮಂದಿ ಇದ್ದಾರೆನ್ನಿ. 8 ಎಣಿಕೆಯ ಒಂದೇ ಚಲನೆಯನ್ನು ಎಲ್ಲರೂ ಕನಿಷ್ಠ 6 ಸುತ್ತು ಒಟ್ಟಿಗೆ ಮಾಡಲಿ, ಉಸಿರೂ ಒಟ್ಟಿಗೇ ಇರಲಿ. ಸಂಗೀತ ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಯಾರು ಪಕ್ಕದವರನ್ನು ಕದ್ದು ನೋಡುತ್ತಿದ್ದಾರೆ ಎಂಬುದು ಬಯಲಾಗುತ್ತದೆ. ಏಳನೆಯ ಸುತ್ತಿನಲ್ಲಿ ಒಬ್ಬಳು ಅರ್ಧ ಎಣಿಕೆ ತಡವಾಗಲಿ. ಒಮ್ಮೆ ತಡವಾದರೆ ಅದು ತಪ್ಪಿನಂತೆ ಕಾಣುತ್ತದೆ. ಅದೇ ಜಾಗದಲ್ಲಿ, ಅಷ್ಟೇ ತಡವಾಗಿ 3 ಸಲ ಬಂದರೆ ಅದರ ಹಿಂದೊಂದು ಮನಸ್ಸಿದೆ ಎಂದು ತಿಳಿಯುತ್ತದೆ. ಕಷ್ಟದ ಕೆಲಸ ಅವಳದಲ್ಲ, ಉಳಿದ 7 ಮಂದಿಯದು. ಅವರ ಲಯ ಕೂದಲೆಳೆಯಷ್ಟು ಸಡಿಲಾದರೂ ಅವಳು ಎದುರಿಸಲು ಏನೂ ಉಳಿಯುವುದಿಲ್ಲ.

ಸಿಡಿದೇಳುವುದೆಂದರೆ ಕೂದಲು ಬಿಚ್ಚಿ ಚೀರಬೇಕು, ಕೆಂಪು ಬೆಳಕು ಬೀಳಬೇಕು ಎಂಬ ನಂಬಿಕೆ ಯಾಕೋ ಗಟ್ಟಿಯಾಗಿದೆ. ನೃತ್ಯ ಸಂಯೋಜಕಿ ಚಂದ್ರಲೇಖಾ 1985ರ ತಮ್ಮ ‘ಅಂಗಿಕ’ ಪ್ರಯೋಗದಲ್ಲಿ ಭರತನಾಟ್ಯವನ್ನು ಬಿಟ್ಟು ಹೋಗಲಿಲ್ಲ, ಅದರೊಳಗೆ ನಿಂತೇ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗಗಳನ್ನು ತಂದರು. ಭರತನಾಟ್ಯದ ಅರಮಂಡಿ (ಅರ್ಧ ಕುಳಿತ ನಿಲುವು), ಯಕ್ಷಗಾನದ ಧೀಂಗಿಣ (ಸುತ್ತುತ್ತಾ ಹಾರುವ ಜಿಗಿತ) ಪಳಗಿದ ಇಲ್ಲಿನ ಮೈಗಳಿಗೂ ಆ ದಾರಿ ತೆರೆದಿದೆ.

ಆದರೆ ಸಮಕಾಲೀನ ನೃತ್ಯದಲ್ಲಿ ನೆಲಕ್ಕೆ ಬೀಳುವುದನ್ನು ಅವರಿಗೆ ಬೇರೆಯಾಗಿಯೇ ಕಲಿಸಬೇಕು. ಮೊದಲು ಕುಳಿತಲ್ಲಿಂದ, ಆಮೇಲೆ ಮೊಣಕಾಲೂರಿ, ಕೊನೆಗೆ ನಿಂತಲ್ಲಿಂದ. ಉಸಿರು ಬಿಡುತ್ತಾ ಮೀನಖಂಡ, ತೊಡೆಯ ಹೊರಬದಿ, ಪೃಷ್ಠ ಹೀಗೆ ಮಾಂಸಲ ಭಾಗಗಳೇ ಒಂದರ ಹಿಂದೊಂದು ನೆಲ ಮುಟ್ಟಲಿ. ಮಂಡಿಚಿಪ್ಪು, ಮೊಣಕೈ, ಮಣಿಕಟ್ಟು ಮೊದಲು ತಾಗಿದರೆ ಪೆಟ್ಟು ಖಚಿತ.

ಮಂಗಳೂರಿನ ಪುರಭವನವಿರಲಿ, ಉಡುಪಿ ಎಂಜಿಎಂ ಕಾಲೇಜಿನ ನೂತನ ರವೀಂದ್ರ ಮಂಟಪವಿರಲಿ, ಬುಕ್ ಮಾಡುವ ಮೊದಲು ಬರಿಗಾಲಲ್ಲಿ ವೇದಿಕೆ ತುಳಿದು ನೋಡಿ. ಹಿಮ್ಮಡಿ ಕುಟ್ಟಿದಾಗ ನೆಲ ಒಂಚೂರೂ ಸ್ಪಂದಿಸದಿದ್ದರೆ ಕೆಳಗೆ ಕಾಂಕ್ರೀಟ್ ಇದ್ದೀತು. ಜಿಗಿತ ಕಡಿಮೆ ಮಾಡಿ. ಅದರ ಮೇಲೆ ವಿನೈಲ್ (ನೃತ್ಯಕ್ಕೆ ಹಾಸುವ ಪ್ಲಾಸ್ಟಿಕ್ ಹಾಸು) ಹಾಸಿದರೆ ಜಾರುವುದು ತಪ್ಪುತ್ತದೆ, ಗಡಸುತನ ಹೋಗುವುದಿಲ್ಲ. ಮಳೆಗಾಲದ ತೇವಕ್ಕೆ, ಬೆವರಿಗೆ ವಿನೈಲ್ ಅಂಟುತ್ತದೆ: ಪಾದ ತಿರುಗದೆ ಮಂಡಿ ತಿರುಚುತ್ತದೆ. ಪೌಡರ್ ಮಾತ್ರ ಎರಚಬೇಡಿ, ಒಣಗಿದಲ್ಲಿ ಜಾರುತ್ತದೆ, ಬೆವರಿದಲ್ಲಿ ಮುದ್ದೆಯಾಗುತ್ತದೆ. ಪ್ರದರ್ಶನಕ್ಕೆ ಮುಂಚೆ ಒರೆಸಿ, ಫ್ಯಾನಿನಲ್ಲಿ ಪೂರ್ತಿ ಒಣಗಿಸಿದರೆ ಸಾಕು.

ಬೆಳಕಿನ ಮಾತು ಚಿಕ್ಕದು. ಎದುರಿನ ದೀಪಗಳಷ್ಟೇ ಇದ್ದರೆ ಸಾಲಿಗೂ ಅವಳಿಗೂ ನಡುವಿನ ಎರಡು ಹೆಜ್ಜೆಯ ಅಂತರ ಚಪ್ಪಟೆಯಾಗುತ್ತದೆ. ವಿಂಗ್ಸ್‌ನಿಂದ, ಅಂದರೆ ವೇದಿಕೆಯ ಪಕ್ಕದ ಮರೆಗಳಿಂದ, ಮೊಣಕಾಲಿನ ಮತ್ತು ಎದೆಯ ಎತ್ತರಕ್ಕೆ ದೀಪ ಬೇಕು. ಸ್ಟ್ಯಾಂಡ್ ಇಟ್ಟ ಮೇಲೂ ನರ್ತಕರು ಓಡಿ ಹೊರಬರಲು ಜಾಗ ಉಳಿದಿದೆಯೇ ಎಂದು ಅಳೆದುಕೊಳ್ಳಿ. ವೈರುಗಳನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ.