32 ಕಿಲೋಬೈಟಿನಲ್ಲಿ ಎಂಟು ಗ್ಯಾಲಕ್ಸಿ

ಸ್ಪೇಸ್ ಇನ್‌ವೇಡರ್ಸ್ ಎಂಬ ಹಳೇ ವಿಡಿಯೋ ಗೇಮ್ ಆಡಿದವರಿಗೆಲ್ಲ ಗೊತ್ತು. ಶತ್ರುಗಳು ಕಡಿಮೆಯಾದಷ್ಟೂ ಉಳಿದವರ ಓಟ ಜೋರಾಗುತ್ತದೆ. ಕೊನೆಯವನಂತೂ ಕೈಗೇ ಸಿಗುವುದಿಲ್ಲ. ಆಟ ಕಷ್ಟವಾಗಲಿ ಎಂದು ಯಾರೋ ಕೂತು ಯೋಚಿಸಿದ ಉಪಾಯ ಅನ್ನಿಸುತ್ತದೆ, ಅಲ್ವಾ? ಅಸಲು ಕಾರಣ ಇರುವುದು ಪ್ರೊಸೆಸರಿನಲ್ಲಿ. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ಈ ಆಟ ಮಾಡಿದಾಗ ಬಳಸಿದ್ದು ಇಂಟೆಲ್ 8080 ಚಿಪ್. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗುತ್ತಿತ್ತು. ಒಂದೊಂದು ಸಲಕ್ಕೂ ಚಿಪ್ ಒಬ್ಬ ಶತ್ರುವನ್ನು ಮಾತ್ರ ಸರಿಸುತ್ತಿತ್ತು. 55 ಮಂದಿ ಇದ್ದಾಗ ಇಡೀ ಪಡೆ ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಒಬ್ಬನೇ ಉಳಿದರೆ ಅವನು ಸೆಕೆಂಡಿಗೆ 60 ಹೆಜ್ಜೆ ಹಾಕುತ್ತಾನೆ. ನಿಶಿಕಾಡೊ ಅದನ್ನು ಸರಿಪಡಿಸಲು ಹೋಗಲಿಲ್ಲ. ಆಟದ ಜೀವವೇ ಅದು ಎಂದು ಅವರಿಗೆ ತಿಳಿದಿತ್ತು.

ಇಂಥ ಹಳೇ ಆಟಗಳನ್ನು, ಅವು ಓಡುತ್ತಿದ್ದ ಕಂಪ್ಯೂಟರುಗಳನ್ನು ಜನ ಇನ್ನೂ ಯಾಕೆ ಪ್ರೀತಿಸುತ್ತಾರೆ? ಬಾಲ್ಯದ ನೆನಪು ಎನ್ನುವುದು ಸುಲಭದ ಉತ್ತರ. ಅದರಲ್ಲಿ ಸತ್ಯವಿದೆ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪು ಹೇಳಿ ಎಂದು ಕೇಳಿದರೆ, ಸುಮಾರು 10ರಿಂದ 30 ವರ್ಷದೊಳಗಿನ ಘಟನೆಗಳೇ ಜಾಸ್ತಿ ಬರುತ್ತವೆ. ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಬೇಸಿಗೆ ರಜೆ, ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದ ಟಿವಿ ಗೇಮ್, ಅದರ ಹಳದಿ ಕ್ಯಾಸೆಟ್. ಆ ವಯಸ್ಸಿನಲ್ಲಿ ಮನಸ್ಸಿಗೆ ಅಂಟಿದ್ದು ಬಿಡುವುದಿಲ್ಲ.

ಆದರೆ ಈಗ ಇಪ್ಪತ್ತರ ಆಸುಪಾಸಿನಲ್ಲಿರುವವರಿಗೂ ಈ ಯಂತ್ರಗಳ ಹುಚ್ಚು ಹಿಡಿಯುತ್ತಿದೆ. ಅವರು ಹುಟ್ಟುವ ಹೊತ್ತಿಗೆ ಇವೆಲ್ಲ ಮೂಲೆ ಸೇರಿದ್ದವು. ಅವರಿಗೆ ನೆನಪಿನ ಮಾತು ಒಪ್ಪುವುದಿಲ್ಲ. ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ಈ ಯಂತ್ರಗಳನ್ನು ಒಬ್ಬ ಮನುಷ್ಯ ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬಹುದು.

6502 ಎಂಬ ಚಿಪ್ ಬಂದದ್ದು 1975ರಲ್ಲಿ. ಅದರಲ್ಲಿ ಇದ್ದದ್ದು ಸುಮಾರು 3,500 ಟ್ರಾನ್ಸಿಸ್ಟರು, ಅಂದರೆ ಪುಟಾಣಿ ವಿದ್ಯುತ್ ಸ್ವಿಚ್ಚುಗಳು. ಆಪಲ್ 2, ಬಿಬಿಸಿ ಮೈಕ್ರೋ, ಕಮೊಡೋರ್ 64 ಎಂಬ ಕಂಪ್ಯೂಟರುಗಳು, ನಿಂಟೆಂಡೋ ಗೇಮ್ ಎಲ್ಲವೂ ಈ ಚಿಪ್ ಅಥವಾ ಅದರ ದಾಯಾದಿಗಳ ಮೇಲೆ ಓಡಿದವು. ಹವ್ಯಾಸಿಗಳು ಅದರ ಹೊದಿಕೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ಫೋಟೋ ಹಿಡಿದು, ಪ್ರತಿ ಟ್ರಾನ್ಸಿಸ್ಟರಿನ ನಕ್ಷೆ ಬರೆದಿದ್ದಾರೆ. ಇವತ್ತಿನ ಒಳ್ಳೆ ಮೊಬೈಲಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಜಾಸ್ತಿ ಟ್ರಾನ್ಸಿಸ್ಟರುಗಳಿವೆ. ಅದನ್ನು ಪೂರ್ತಿ ಬಲ್ಲ ಮನುಷ್ಯ ಭೂಮಿಯ ಮೇಲೆ ಇಲ್ಲ.

ಇದು ಬೆಂಗಳೂರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗಿನಿಂದ ಈ ಊರಲ್ಲಿ ಚಿಪ್ ವಿನ್ಯಾಸದ ಕೆಲಸ ಬೆಳೆಯುತ್ತಲೇ ಇದೆ. ಔಟರ್ ರಿಂಗ್ ರೋಡಿನ ಆಫೀಸಿನಲ್ಲಿ ಕೂತ ಎಂಜಿನಿಯರ್ ಒಂದು ಚಿಪ್ಪಿನ ಒಂದು ಮೂಲೆಗಾಗಿ ವರ್ಷಗಟ್ಟಲೆ ದುಡಿಯುತ್ತಾರೆ. ಉಳಿದದ್ದು ಬೇರೆಯವರ ಪಾಲು. ಅಂಥವರು ಶನಿವಾರ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ, ರಾತ್ರಿ ಒಂದು ಪುಟ್ಟ 8-ಬಿಟ್ ಕಂಪ್ಯೂಟರ್ ಜೋಡಿಸಲು ಕೂತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಲ್ಲಿ ಸ್ವಿಚ್ಚಿನಿಂದ ಪರದೆಯವರೆಗೆ ಎಲ್ಲವೂ ಅವರದೇ.

ಮೆಮರಿ ಕಡಿಮೆ ಇದ್ದದ್ದರಿಂದ ಹುಟ್ಟಿದ ಜಾಣತನಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ ಎಲೈಟ್. 1984ರಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬನ್, ಬಿಬಿಸಿ ಮೈಕ್ರೋಗಾಗಿ ಬರೆದ, ಗ್ರಹದಿಂದ ಗ್ರಹಕ್ಕೆ ಹಾರಿ ವ್ಯಾಪಾರ ಮಾಡುವ ಆಟ. ಅದೇ ಹೊತ್ತಿಗೆ ಕ್ಲಾಸ್ ಎಂಬ ಸರ್ಕಾರಿ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಿಬಿಸಿ ಮೈಕ್ರೋ ಬಂದಿತ್ತು. ಆ ಯಂತ್ರದ ಮೆಮರಿ 32 ಕಿಲೋಬೈಟು. ಈಗ ಮೊಬೈಲಿನಲ್ಲಿ ಕಳಿಸುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಎಲೈಟ್‌ನಲ್ಲಿ ಎಂಟು ಗ್ಯಾಲಕ್ಸಿಗಳು, ಒಂದೊಂದರಲ್ಲೂ 256 ಗ್ರಹಗಳು. ಪ್ರತಿ ಗ್ರಹಕ್ಕೂ ಹೆಸರು, ಸರ್ಕಾರ, ಸಂತೆಯ ಬೆಲೆ. ಇಷ್ಟನ್ನೂ ಎಲ್ಲಿಟ್ಟರು? ಎಲ್ಲೂ ಇಡಲಿಲ್ಲ. ರಂಗೋಲಿ ಪುಸ್ತಕದಲ್ಲಿ '15ರಿಂದ 8, ಮಧ್ಯ ಚುಕ್ಕಿ' ಎಂದಿಷ್ಟೇ ಬರೆದಿದ್ದರೂ ಅಂಗಳ ತುಂಬ ಚುಕ್ಕಿ ಇಡಬಹುದಲ್ಲ, ಹಾಗೆ. ಮೂರು ಸಂಖ್ಯೆ, ಅಂದರೆ ಬರೀ ಆರು ಬೈಟುಗಳ ಒಂದು ಬೀಜ. ಅವನ್ನು ಕೂಡಿಸಿ, ಬಂದದ್ದನ್ನು ಮತ್ತೆ ಕೂಡಿಸುತ್ತ ಹೋದರೆ ಮುಂದಿನ ಗ್ರಹದ ಬೀಜ ಸಿಗುತ್ತದೆ. ಹೆಸರು, ಸರ್ಕಾರ ಎಲ್ಲ ಆ ಸಂಖ್ಯೆಗಳಿಂದಲೇ ಬರುತ್ತವೆ. ಬೀಜ ಬದಲಾಗದ ಕಾರಣ ಆ ಲೋಕವೂ ಬದಲಾಗುವುದಿಲ್ಲ. ಎಷ್ಟು ಸಲ ಹೋದರೂ ಅದೇ ಗ್ರಹ ಅಲ್ಲೇ ಇರುತ್ತದೆ. ಇದೇ ಲೆಕ್ಕದಲ್ಲಿ ಕೋಟಿ ಕೋಟಿ ಗ್ಯಾಲಕ್ಸಿ ಮಾಡಬಹುದಿತ್ತು. ಹಾಗೆ ಮಾಡಿದರೆ ಜನಕ್ಕೆ ಗುಟ್ಟು ತಿಳಿದುಬಿಡುತ್ತದೆ ಎಂದು ಪ್ರಕಾಶಕರು ಎಂಟಕ್ಕೆ ನಿಲ್ಲಿಸಿದರು.

1985ರ ಸೂಪರ್ ಮಾರಿಯೋ ಪೂರ್ತಿ ಸೇರಿ 40 ಕಿಲೋಬೈಟು. ಅದರ ಮೋಡವನ್ನೂ ಪೊದೆಯನ್ನೂ ಒಮ್ಮೆ ಪಕ್ಕಪಕ್ಕ ನೋಡಿ. ಚಿತ್ರ ಒಂದೇ, ಬಣ್ಣ ಮಾತ್ರ ಬೇರೆ. ಪ್ಯಾಕ್‌ಮ್ಯಾನ್‌ನಲ್ಲಿ ಹಂತದ ಸಂಖ್ಯೆ ಒಂದೇ ಬೈಟಿನಲ್ಲಿರುತ್ತದೆ. ಒಂದು ಬೈಟು 255ರ ಆಚೆ ಎಣಿಸಲಾರದು. ಆದ್ದರಿಂದ 256ನೇ ಹಂತಕ್ಕೆ ಬಂದಾಗ ಲೆಕ್ಕ ತಪ್ಪಿ, ಪರದೆಯ ಬಲ ಅರ್ಧ ಚೆಲ್ಲಾಪಿಲ್ಲಿಯಾಗುತ್ತದೆ. ಯಂತ್ರ ಹೇಗೆ ಎಣಿಸುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಪಾಠ ನಾನು ಕಂಡಿಲ್ಲ.

ಈ ಆಟಗಳಲ್ಲಿ ಹೆಚ್ಚಿನವನ್ನು ಈಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್, ಅಂದರೆ ಹಳೇ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್, ಹಾಕಿಕೊಂಡು ಆಡಬಹುದು. ಶುರು ಮಾಡುವವರಿಗೆ ಅದು ಸಾಕು. ಆದರೂ ಹಳೇ ಯಂತ್ರವೇ ಬೇಕು ಎನ್ನುವವರ ಹಟಕ್ಕೆ ಅರ್ಥವಿದೆ. ಟಿವಿ ಗೇಮಿನ ಜೊತೆ ಬರುತ್ತಿದ್ದ ಬಾತುಕೋಳಿ ಹೊಡೆಯುವ ಗನ್ ನೆನಪಿದೆಯಾ? ಅದರಿಂದ ಏನೂ ಹಾರುವುದಿಲ್ಲ. ಅದರ ಕೊಳವೆಯೊಳಗೆ ಬೆಳಕು ಗುರುತಿಸುವ ಒಂದು ಸೆನ್ಸರ್ ಇದೆ, ಅಷ್ಟೇ. ಗನ್ನಿನ ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿಗೆ ಆ ಬಿಳಿ ಕಂಡರೆ ಗುರಿ ಸರಿ. ಹಳೇ ಡಬ್ಬಾ ಟಿವಿ ಸಿಗ್ನಲ್ ಬಂದ ತಕ್ಷಣ ಚಿತ್ರ ಬರೆಯುತ್ತಿತ್ತು. ಈಗಿನ ಎಲ್‌ಸಿಡಿ ಟಿವಿ ಚಿತ್ರವನ್ನು ಮೊದಲು ತನ್ನೊಳಗೆ ತಿದ್ದಿ ಆಮೇಲೆ ತೋರಿಸುತ್ತದೆ. ಆ ಸಣ್ಣ ತಡದಲ್ಲಿ ಗನ್ ನೋಡಬೇಕಾದ ಗಳಿಗೆ ಕಳೆದುಹೋಗಿರುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥದ್ದೇನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಸುಮ್ನೆ ಪ್ಲಗ್ ಹಾಕಿ ಆನ್ ಮಾಡಲೂ ಹೋಗಬೇಡಿ. ಪವರ್ ಸಪ್ಲೈನೊಳಗಿನ, ವಿದ್ಯುತ್ ಹಿಡಿದಿಡುವ ಕೆಪಾಸಿಟರುಗಳು ವರ್ಷ ಕಳೆದಂತೆ ಒಣಗುತ್ತವೆ, ಕೆಲವು ಸೋರುತ್ತವೆ. ಕಮೊಡೋರ್ 64ರ ಹಳೇ ಪವರ್ ಸಪ್ಲೈ ಕೆಟ್ಟರೆ 5 ವೋಲ್ಟಿನ ಜಾಗದಲ್ಲಿ ಜಾಸ್ತಿ ವೋಲ್ಟೇಜ್ ಕಳಿಸಿ ಮೆಮರಿ ಚಿಪ್ಪುಗಳನ್ನೇ ಸುಡುತ್ತದೆ. ಮೊದಲು ಪವರ್ ಸಪ್ಲೈ ಒಂದನ್ನೇ ಯಂತ್ರದಿಂದ ಬೇರೆ ಮಾಡಿ, ಕೆಲಸ ಬಲ್ಲವರ ಕೈಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿಸಿ. ಕೆಪಾಸಿಟರ್ ಬದಲಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಚಿಪ್ಪು ಸುಟ್ಟರೆ ಅಂಥದ್ದೇ ಇನ್ನೊಂದು ಹುಡುಕುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.