ಓಪನ್ ಸೋರ್ಸ್ ಅಂದ್ರೆ ದಾನಿಗಳ ಪಟ್ಟಿಯೂ ಓಪನ್ನಾ?

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಸಣ್ಣ ಟ್ರಸ್ಟ್. ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ. ದಾನಿಗಳ ಲೆಕ್ಕಕ್ಕೆ ಸಿವಿಸಿಆರ್‌ಎಂ ಅನ್ನುವ ಸಾಫ್ಟ್‌ವೇರ್ ಹಾಕುವ ಅಂತ ಹುಡುಗರು ಹೇಳುತ್ತಾರೆ. ಅದು ಓಪನ್ ಸೋರ್ಸ್ ಅಲ್ವಾ ಸರ್? ನಮ್ಮ ದಾನಿಗಳ ನಂಬರು, ಕೊಟ್ಟ ಹಣ ಎಲ್ಲ ಹೊರಗಿನವರಿಗೆ ಕಾಣುವುದಿಲ್ವಾ?

ಕಾಣುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಹೋದ ವರ್ಷವೂ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ಭಜನಾ ಮಂದಿರದವರು ಕೇಳಿದ್ದಾರೆ, ರಕ್ತದಾನದ ಬಳಗದವರು ಕೇಳಿದ್ದಾರೆ, ಒಬ್ಬರು ಲೆಕ್ಕಪರಿಶೋಧಕರೂ ಕೇಳಿದ್ದಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕೊಡಿ ಮಾರಾಯ್ರೆ.

ಓಪನ್ ಆಗಿರುವುದು ಸಾಫ್ಟ್‌ವೇರ್‌ನ ಕೋಡ್, ಅಂದರೆ ಯಂತ್ರ ಹೇಗೆ ಕೆಲಸ ಮಾಡಬೇಕು ಅಂತ ಬರೆದ ಸಾಲುಗಳು. ಸಂಘ ಸಂಸ್ಥೆಗಳಿಗೆಂದೇ 2005ರಿಂದ ಬೆಳೆದು ಬಂದಿರುವ ಸಿವಿಸಿಆರ್‌ಎಂನ ಕೋಡನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಓದಬಹುದು, ತಿದ್ದಬಹುದು. ನಿಮ್ಮ ಡೇಟಾ ಇರುವುದು ಬೇರೆ ಕಡೆ. ನೀವು ಬಾಡಿಗೆ ಕೊಡುವ ಸರ್ವರ್‌ನಲ್ಲಿ, ಪಾಸ್‌ವರ್ಡ್ ಹಾಕಿದ ಡೇಟಾಬೇಸಿನಲ್ಲಿ.

ಯಕ್ಷಗಾನದ ಲೆಕ್ಕದಲ್ಲಿ ಹೇಳುತ್ತೇನೆ. ಪ್ರಸಂಗದ ಪುಸ್ತಕವನ್ನು ಯಾರು ಬೇಕಾದರೂ ಕೊಂಡು ಓದಬಹುದು. ಯಾವ ಪದ್ಯದ ನಂತರ ಯಾವ ವೇಷ ಅಂತ ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಹಾಗಂತ ಮೇಳದಲ್ಲಿ ಹರಕೆ ಆಟಕ್ಕೆ ಯಾರು ಹೆಸರು ಬರೆಸಿದ್ದಾರೆ, ಎಷ್ಟು ಮುಂಗಡ ಕೊಟ್ಟಿದ್ದಾರೆ ಅನ್ನುವ ಪುಸ್ತಕ ರಥಬೀದಿಯ ಅಂಗಡಿಯಲ್ಲಿ ಸಿಗುತ್ತದಾ? ಅದು ಮೇಳದವರ ಕಪಾಟಿನಲ್ಲಿ ಇರುತ್ತದೆ. ಕೋಡ್ ಅಂದರೆ ಪ್ರಸಂಗ ಪುಸ್ತಕ. ನಿಮ್ಮ ದಾನಿಗಳ ಪಟ್ಟಿ ಆ ಕಪಾಟಿನದ್ದು.

ಇಲ್ಲಿಗೆ ಬಂದಾಗ ಎದುರಿಗೆ ಕೂತವರು ತಲೆ ಅಲ್ಲಾಡಿಸುತ್ತಾರೆ. ಚಾ ಕುಡಿದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. "ಅಲ್ಲ ಸರ್, ಕೋಡ್ ಎಲ್ಲರಿಗೂ ಕಂಡರೆ ಕಳ್ಳರಿಗೂ ದಾರಿ ಗೊತ್ತಾಗುವುದಿಲ್ವಾ?" ಇದು ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಕೋಡಿನಲ್ಲಿ ತೂತು ಇದ್ದರೆ ಕಳ್ಳರಿಗೂ ಕಾಣಬಹುದು, ರಿಪೇರಿ ಮಾಡುವವರಿಗೂ ಕಾಣಬಹುದು. ಸಿವಿಸಿಆರ್‌ಎಂಗೆ ಪ್ರತ್ಯೇಕ ಭದ್ರತಾ ತಂಡ ಇದೆ. ತೂತು ಸಿಕ್ಕಿದವರು ಮೊದಲು ಗುಟ್ಟಾಗಿ ಅವರಿಗೆ ತಿಳಿಸುತ್ತಾರೆ. ರಿಪೇರಿ ಆದ ಮೇಲೆ ಹೊಸ ಆವೃತ್ತಿಯ ಜೊತೆ ವಿಷಯ ಹೊರಗೆ ಬರುತ್ತದೆ. ಸಾಮಾನ್ಯವಾಗಿ ಹೊಸ ಆವೃತ್ತಿ ಬರುವುದು ತಿಂಗಳ ಮೊದಲ ಬುಧವಾರ. ಭದ್ರತೆಯ ತುರ್ತು ಇದ್ದರೆ ಮೂರನೇ ಬುಧವಾರವೂ ಬರಬಹುದು. ನಿಜವಾದ ಅಪಾಯ ಶುರುವಾಗುವುದು ಆಮೇಲೆ. ತೂತು ಎಲ್ಲಿತ್ತು ಅಂತ ಊರಿಗೆಲ್ಲ ಗೊತ್ತಾಗಿರುತ್ತದೆ, ನೀವು ಮಾತ್ರ ಅಪ್‌ಡೇಟ್ ಮಾಡದೆ ಕೂತಿರುತ್ತೀರಿ. ಹಾಗಾಗಿ ಬುಧವಾರದ ಈ ಕೆಲಸ ಯಾರದ್ದು ಅಂತ ಕಮಿಟಿಯಲ್ಲಿ ಹೆಸರು ಬರೆದಿಡಿ. "ಹುಡುಗರು ನೋಡಿಕೊಳ್ಳುತ್ತಾರೆ" ಅಂದರೆ ಯಾರೂ ನೋಡುವುದಿಲ್ಲ.

ಇನ್ನು ಕೆಲವರಿಗೆ ಲೈಸೆನ್ಸಿನ ಹೆದರಿಕೆ. ಇದರದ್ದು ಎಜಿಪಿಎಲ್ 3 ಅನ್ನುವ ಓಪನ್ ಸೋರ್ಸ್ ಲೈಸೆನ್ಸ್. ನೀವು ಕೋಡನ್ನೇ ತಿದ್ದಿ, ಅದನ್ನು ನೆಟ್ ಮೂಲಕ ಬೇರೆಯವರ ಬಳಕೆಗೆ ಇಟ್ಟರೆ, ತಿದ್ದಿದ ಕೋಡ್ ಅವರಿಗೆ ಸಿಗುವಂತೆ ಮಾಡಬೇಕು. ಕೋಡ್ ಮಾತ್ರ. ದಾನಿಗಳ ಹೆಸರು ಕೊಡಿ ಅಂತ ಆ ಲೈಸೆನ್ಸಿನಲ್ಲಿ ಎಲ್ಲೂ ಬರೆದಿಲ್ಲ.

ಹಾಗಾದರೆ ಪಟ್ಟಿ ಸೋರುವುದೇ ಇಲ್ವಾ? ಸೋರುತ್ತದೆ. ಕೋಡಿನಿಂದಲ್ಲ, ನಮ್ಮ ಕೈಯಿಂದ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಅಥವಾ ಡ್ರೂಪಲ್ ಜೊತೆ ಇದನ್ನು ಹಾಕಿದಾಗ ಯಾರು ಏನು ನೋಡಬಹುದು ಅನ್ನುವ ಅನುಮತಿಗಳ ಉದ್ದದ ಪುಟ ಇರುತ್ತದೆ. ಲಾಗಿನ್ ಇಲ್ಲದೆ ಬರುವವರ ಕಾಲಮ್ಮಿನಲ್ಲಿ "ಎಲ್ಲ ಸಂಪರ್ಕ ನೋಡು" ಅನ್ನುವಲ್ಲಿ ಅಪ್ಪಿತಪ್ಪಿ ಟಿಕ್ ಬಿದ್ದರೆ ಕಥೆ ಮುಗಿಯಿತು. ಇನ್ನೊಂದು, ಅಪ್‌ಲೋಡ್ ಮಾಡಿದ ಫೈಲ್‌ಗಳ ಫೋಲ್ಡರ್. ಅದಕ್ಕೆ ಕಾವಲಾಗಿ ಎಚ್‌ಟಿಆಕ್ಸೆಸ್ ಫೈಲ್ ಇರುತ್ತದೆ. ಅದು ಅಪಾಚೆ ಸರ್ವರ್‌ಗೆ ಅರ್ಥವಾಗುತ್ತದೆ, ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ಬಗೆಯ ಸರ್ವರ್‌ಗೆ ಅರ್ಥವಾಗುವುದಿಲ್ಲ. ಅಲ್ಲಿ ನೀವೇ ಬೇರೆ ನಿಯಮ ಬರೆಯಬೇಕು. ಇಂಥದ್ದರ ಬಗ್ಗೆ ಸಿವಿಸಿಆರ್‌ಎಂನ ಸಿಸ್ಟಮ್ ಸ್ಟೇಟಸ್ ಪುಟ ಎಚ್ಚರಿಸುತ್ತದೆ. ಹೆಚ್ಚಿನವರು ಆ ಎಚ್ಚರಿಕೆಯನ್ನು ಮುಚ್ಚಿ ಮುಂದೆ ಹೋಗುತ್ತಾರೆ.

ಅದಕ್ಕಿಂತ ದೊಡ್ಡ ತೂತು ವಾಟ್ಸಪ್. ನಾನು ಓಡಾಡುವ ಒಂದು ದೇವಸ್ಥಾನದ ಬ್ರಹ್ಮಕಲಶದ ಸಮಿತಿಯಲ್ಲಿ ದಾನಿಗಳ ಎಕ್ಸೆಲ್ ಹಾಳೆ, ಮೊತ್ತದ ಸಮೇತ, ಸ್ವಯಂಸೇವಕರ ಗ್ರೂಪಿಗೆ ಹೋಗಿಬಿಟ್ಟಿತು. ಮುಂಬೈಯಿಂದ ಒಬ್ಬರು ಫೋನ್ ಮಾಡಿದರು. "ನಾನು ಕೊಟ್ಟದ್ದು ಅಣ್ಣನಿಗೆ ಗೊತ್ತಾಗಬಾರದಿತ್ತು" ಅಂದರು. ಆ ಹಾಳೆಯಲ್ಲಿ ಪಾನ್ ನಂಬರೂ ಇತ್ತು. 2021-22ರ ಲೆಕ್ಕದಿಂದ 80ಜಿ ದಾನಕ್ಕೆ (ದಾನಿಗೆ ತೆರಿಗೆ ರಿಯಾಯಿತಿ ಸಿಗುವಂಥದ್ದು) ಆದಾಯ ತೆರಿಗೆಯವರಿಗೆ ದಾನಿಗಳ ವಿವರ ಕೊಡುವ 10ಬಿಡಿ ಫಾರಂ ತುಂಬುವುದು ಶುರುವಾಯ್ತಲ್ಲ, ಆಗಿನಿಂದ ಎಲ್ಲರೂ ಪಾನ್ ಕೂಡಿಸಿಟ್ಟಿದ್ದಾರೆ. ಆ ಹಾಳೆಯನ್ನು ಮಾಡಿದ ಸಾಫ್ಟ್‌ವೇರ್ ಓಪನ್ ಸೋರ್ಸ್ ಅಲ್ಲ, ನೆನಪಿರಲಿ!

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಮಗೆ ನಿಜವಾಗಿ ತಲೆನೋವು ಕೊಡುವುದು ಡಬಲ್ ಹೆಸರು. ನಮ್ಮ ಊರಿನ ಪಟ್ಟಿಯಲ್ಲಿ ಒಂದೇ ಹೆಸರಿನ ಶೆಟ್ರು, ಪೂಜಾರ್ರು, ಭಟ್ರು ಎಷ್ಟು ಜನ! ನಾವು ಮನೆ ಹೆಸರು ಹೇಳಿ ಗುರುತು ಹಿಡಿಯುತ್ತೇವೆ. ಯಂತ್ರಕ್ಕೆ ಅದು ಗೊತ್ತಿಲ್ಲ. ನೆಟ್‌ನಲ್ಲಿ ದಾನ ಬಂದಾಗ ಹಳೇ ದಾನಿಯೋ ಹೊಸಬರೋ ಅಂತ ಸಿವಿಸಿಆರ್‌ಎಂ ತಾನೇ ನೋಡುತ್ತದೆ, ಮೊದಲಿಗೆ ಇರುವ ನಿಯಮದಲ್ಲಿ ನೋಡುವುದು ಇಮೇಲ್ ಒಂದನ್ನೇ. ನಮ್ಮಲ್ಲಿ ದುಬೈಯಲ್ಲಿರುವ ಮಗನ ಇಮೇಲೇ ಅಪ್ಪನಿಗೂ ಅಮ್ಮನಿಗೂ ಸೋದರಮಾವನಿಗೂ. ಮೂರು ಜನರ ದಾನ ಒಬ್ಬರ ಹೆಸರಿಗೆ ಬಿದ್ದರೆ ರಶೀದಿ ಯಾರಿಗೆ ಕೊಡುತ್ತೀರಿ?

ನಿಯಮವನ್ನು ನೀವೇ ಬರೆಯಬಹುದು. ಇಮೇಲ್ ಜೊತೆ ಹೆಸರೂ ಕೂಡಬೇಕು ಅಂತ ಹಾಕಿ. ಮನೆ ಹೆಸರಿಗೆ ಬೇರೆ ಫೀಲ್ಡ್ ಮಾಡಿ, ಅದನ್ನೂ ನಿಯಮಕ್ಕೆ ಸೇರಿಸಿ. ಹೆಸರು ಬರೆಯುವುದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಮೊದಲೇ ಒಂದು ತೀರ್ಮಾನ ಮಾಡಿ. ಎರಡೂ ಕಲಸಿದರೆ ಒಬ್ಬರೇ ಇಬ್ಬರಾಗುತ್ತಾರೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು, ವ್ಯಕ್ತಿ ಮತ್ತು ಸಂಸ್ಥೆಯ ಹಾಗೆ "ಮನೆ" ಕೂಡ ಒಂದು ಬಗೆಯ ಸಂಪರ್ಕ. ಸದಸ್ಯರನ್ನು ಮನೆಗೆ ಸೇರಿಸಿಟ್ಟರೆ, ಪಟ್ಟಿ ಹೊರತೆಗೆಯುವಾಗ ಮನೆಗೆ ಒಂದೇ ಸಾಲು ಬರುವ ಹಾಗೆ ಮಾಡಬಹುದು. ಒಂದೇ ಮನೆಗೆ ನಾಲ್ಕು ಆಮಂತ್ರಣ ಪತ್ರಿಕೆ ಹೋಗುವುದಿಲ್ಲ. ತರವಾಡು ಮನೆಯನ್ನು, ಅಂದರೆ ಇಡೀ ಕುಟುಂಬದ ಮೂಲ ಮನೆಯನ್ನು, ಮಾತ್ರ ಇದರಲ್ಲಿ ಹಾಕಬೇಡಿ. ಅಲ್ಲಿ ಹೆಸರಿದ್ದವರು ಹತ್ತು ಊರಿನಲ್ಲಿ ಇರುತ್ತಾರೆ, ಪತ್ರಿಕೆ ಒಂದೇ ಹೋಗುತ್ತದೆ, ಆಮೇಲೆ ಬೈಗುಳ ನಿಮಗೆ. ತರವಾಡಿನವರನ್ನು ಜೋಡಿಸುವುದಕ್ಕೆ "ಸಂಬಂಧ"ದಲ್ಲಿ ಬೇರೆಯೇ ಒಂದು ಬಗೆಯನ್ನು ಹೊಸದಾಗಿ ಮಾಡಿಕೊಳ್ಳಿ.

ಇದೆಲ್ಲ ಹಳೇ ಎಕ್ಸೆಲ್ ಹಾಳೆಯನ್ನು ಒಳಗೆ ತರುವ ಮೊದಲು ಆಗಬೇಕು. ಎರಡು ಹೆಸರನ್ನು ಒಮ್ಮೆ ಮರ್ಜ್ ಮಾಡಿದರೆ, ಅಂದರೆ ಒಂದಾಗಿ ಸೇರಿಸಿದರೆ, ಹಿಂದಕ್ಕೆ ತರುವ ಬಟನ್ ಇಲ್ಲ. ಬ್ಯಾಕಪ್ ತೆಗೆದೇ ಆ ಕೆಲಸಕ್ಕೆ ಕೂತುಕೊಳ್ಳಿ, ಮತ್ತು ಆ ಬ್ಯಾಕಪ್ಪನ್ನು ದಯವಿಟ್ಟು ವಾಟ್ಸಪ್‌ನಲ್ಲಿ ಕಳಿಸಬೇಡಿ.